ತುಂಬಿದ ಆಸನ, ತುಂಬದ ಖಜಾನೆ
ಬಾಡಿಗೆ ಅಂಗಳದಲ್ಲಿ ಆಡಿದ ಐಸ್ ಹಾಕಿ ತಂಡವೊಂದರ ಜಮಾ-ಖರ್ಚು

ಉದ್ದಿಮೆಯೊಂದಕ್ಕೆ ಬಂಡವಾಳ, ಸರಕು ಹಾಗೂ ಗಿರಾಕಿ ಎಂಬ ಮೂರು ಅಂಗಗಳು ಅವಶ್ಯವೆಂದು ವಾಣಿಜ್ಯಶಾಸ್ತ್ರದ ಮೊದಲ ಪಾಠದಲ್ಲೇ ನಾವೆಲ್ಲರೂ ಓದಿರುತ್ತೇವೆ. ನಾಲ್ಕನೆಯ ಅಂಗವೊಂದಿದೆ, ಅದು ನೆಲೆ. ಅಂಗಡಿಯಾಗಲಿ, ಕಾರ್ಖಾನೆಯಾಗಲಿ, ಗೋದಾಮಾಗಲಿ, ಕಾಲೂರಿ ನಿಲ್ಲಲು ಖಚಿತವಾದ ಸ್ಥಳವಿಲ್ಲದಿದ್ದರೆ ಉಳಿದ ಮೂರೂ ಇದ್ದು ಫಲವಿಲ್ಲ. ನೆಲೆಯ ಪ್ರಶ್ನೆಯನ್ನು ಕಾಲದಲ್ಲಿ ಬಗೆಹರಿಸಿಕೊಳ್ಳದ ಉದ್ದಿಮೆಗೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅರಿಜೋನಾ ರಾಜ್ಯದಲ್ಲಿದ್ದ 'ಅರಿಜೋನಾ ಕಯೋಟೀಸ್' ಎಂಬ ವೃತ್ತಿಪರ ಐಸ್ ಹಾಕಿ ತಂಡ ಒಂದು ಸ್ಪಷ್ಟ ನಿದರ್ಶನ.

ಈ ತಂಡ 2022ರ ಅಕ್ಟೋಬರ್‌ನಲ್ಲಿ ಹೊಚ್ಚಹೊಸ ಕ್ರೀಡಾಂಗಣವೊಂದಕ್ಕೆ ಕಾಲಿಟ್ಟಿತು. ಆಸನಗಳು ತುಂಬಿದವು, ಅಂಗಳದಲ್ಲಿ ಗೆಲುವುಗಳೂ ಬಂದವು. ಆದರೂ ಹದಿನೆಂಟು ತಿಂಗಳೊಳಗೆ ತಂಡ ಊರು ಬಿಟ್ಟಿತು. ಕ್ರೀಡಾಪ್ರಿಯರಿಗೆ ಇದು ದುಃಖದ ಕಥೆ. ವ್ಯಾಪಾರಸ್ಥರಾದ ನಾವು ಇದನ್ನು ಲೆಕ್ಕಪತ್ರದ ದೃಷ್ಟಿಯಿಂದ ಓದಿದರೆ ನಮಗೆ ಉಪಯೋಗಕ್ಕೆ ಬರುವ ಸಂಗತಿಗಳು ಅನೇಕ ಇವೆ.

ಆಟವೆಂಬ ವ್ಯಾಪಾರ

ಕೊಡಗಿನ ಮೈದಾನಗಳಲ್ಲಿ ನಾವು ನೋಡುವ ಹಾಕಿಗೂ ಇದಕ್ಕೂ ಹೆಸರಿನ ಸಂಬಂಧವಷ್ಟೇ ಹೆಚ್ಚು. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಕೃತಕ ಮಂಜುಗಡ್ಡೆಯ ಹಾಸಿನ ಮೇಲೆ, ಕಾಲಿಗೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು 'ಪಕ್' ಎಂಬ ರಬ್ಬರಿನ ಬಿಲ್ಲೆಯನ್ನು ಕೋಲಿನಿಂದ ಹೊಡೆದು ಆಡುವ ಆಟವಿದು. ಅಮೆರಿಕ ಮತ್ತು ಕೆನಡಾ ದೇಶಗಳ 32 ತಂಡಗಳು ಸೇರಿ ನಡೆಸುವ 'ನ್ಯಾಷನಲ್ ಹಾಕಿ ಲೀಗ್' ಇದರ ಅತ್ಯುನ್ನತ ಸಂಸ್ಥೆ. 2022-23ರ ಋತುವಿನಲ್ಲಿ ಪ್ರತಿಯೊಂದು ತಂಡಕ್ಕೂ 82 ಪಂದ್ಯಗಳಿದ್ದವು. ಅವುಗಳಲ್ಲಿ 41 ಸ್ವಂತ ಅಂಗಳದಲ್ಲಿ, ಉಳಿದ 41 ಪರರ ಅಂಗಳದಲ್ಲಿ.

ತಂಡದ ಆದಾಯದ ಮುಖ್ಯ ಬಾಬುಗಳೆಂದರೆ ಟಿಕೆಟ್ ಮಾರಾಟ, ವಾಹನ ನಿಲುಗಡೆ, ಕ್ರೀಡಾಂಗಣದೊಳಗಿನ ತಿಂಡಿ-ಪಾನೀಯ, ಜಾಹೀರಾತು ಫಲಕಗಳು, ಶ್ರೀಮಂತ ಸಂಸ್ಥೆಗಳು ವರ್ಷಕ್ಕೆ ಇಷ್ಟೆಂದು ಕೊಟ್ಟು ಕಾದಿರಿಸುವ ವಿಶೇಷ ಕೊಠಡಿಗಳು. ಇವೆಲ್ಲವೂ ಸ್ವಂತ ಅಂಗಳದ 41 ದಿನಗಳಲ್ಲಿ ಹುಟ್ಟಬೇಕಾದ ಹಣ. ದೂರದರ್ಶನ ಪ್ರಸಾರದ ಹಕ್ಕಿನಿಂದ ಲೀಗ್‌ಗೆ ಬರುವ ಮೊತ್ತದಲ್ಲಿ ಎಲ್ಲ ತಂಡಗಳಿಗೂ ಪಾಲುಂಟು. ಖರ್ಚಿನ ಕಡೆ ಅತಿ ದೊಡ್ಡ ಬಾಬು ಆಟಗಾರರ ಸಂಬಳ. ಇದಕ್ಕೆ ಲೀಗ್ ಮೇಲ್ಮಿತಿಯನ್ನೂ ಕೆಳಮಿತಿಯನ್ನೂ ನಿಗದಿ ಮಾಡುತ್ತದೆ. 2022-23ರಲ್ಲಿ ಮೇಲ್ಮಿತಿ 8.25 ಕೋಟಿ ಡಾಲರ್, ಕೆಳಮಿತಿ 6.1 ಕೋಟಿ ಡಾಲರ್. ಆಸನ ಎಷ್ಟೇ ಇರಲಿ, ಟಿಕೆಟ್ ಮಾರಾಟವಾಗಲಿ ಬಿಡಲಿ, ಕೆಳಮಿತಿಯ ಸಂಬಳದ ಲೆಕ್ಕವನ್ನು ತೋರಿಸಲೇಬೇಕು. ಇದು ಅಪ್ಪಟ ಸ್ಥಿರ ವೆಚ್ಚ.

ಗ್ಲೆಂಡೇಲ್‌ನ ಹಳೆಯ ಕಡತ

ಈ ತಂಡ ಮೂಲತಃ ಕೆನಡಾದ ವಿನಿಪೆಗ್ ನಗರದ್ದು. 1996ರಲ್ಲಿ ಅರಿಜೋನಾದ ಫೀನಿಕ್ಸ್‌ಗೆ ಬಂದಿತು. ಅಲ್ಲಿ ದೊರೆತದ್ದು ಬಾಸ್ಕೆಟ್‌ಬಾಲ್‌ಗಾಗಿ ಕಟ್ಟಿದ ಅಂಗಳ; ಹಾಕಿಯ ಹಾಸು ಅದಕ್ಕಿಂತ ಉದ್ದವಾದುದರಿಂದ ಕೆಲವು ಆಸನಗಳಲ್ಲಿ ಕುಳಿತವರಿಗೆ ಒಂದು ಬದಿಯ ಗೋಲೇ ಕಾಣುತ್ತಿರಲಿಲ್ಲ. ಪಕ್ಕದ ಗ್ಲೆಂಡೇಲ್ ನಗರಸಭೆ ಮುಂದೆ ಬಂದು 18 ಕೋಟಿ ಡಾಲರ್ ಸಾರ್ವಜನಿಕ ಹಣ ತೊಡಗಿಸಿತು. 17 ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ 2003ರ ಡಿಸೆಂಬರ್‌ನಲ್ಲಿ ತೆರೆಯಿತು. ಆದರೆ ಗ್ಲೆಂಡೇಲ್ ಇರುವುದು ಮಹಾನಗರದ ಪಶ್ಚಿಮಕ್ಕೆ, ತಂಡದ ಗಿರಾಕಿಗಳಲ್ಲಿ ಬಹುಪಾಲು ಇದ್ದದ್ದು ಪೂರ್ವಕ್ಕೆ. ಕೆಲಸ ಮುಗಿಸಿದ ಸಂಜೆ ಅಷ್ಟು ದೂರ ಕಾರು ಓಡಿಸಿಕೊಂಡು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು.

2009ರ ಮೇ ತಿಂಗಳಲ್ಲಿ ಅಂದಿನ ಮಾಲೀಕರು ದಿವಾಳಿ ಅರ್ಜಿ ಸಲ್ಲಿಸಿದರು. ಬ್ಲ್ಯಾಕ್‌ಬೆರಿ ದೂರವಾಣಿಯ ಸಂಸ್ಥೆಯನ್ನು ಮುನ್ನಡೆಸುತ್ತಿದ್ದ ಜಿಮ್ ಬಾಲ್ಸಿಲಿ ಅವರು 21 ಕೋಟಿ ಡಾಲರ್‌ಗೂ ಮಿಕ್ಕಿದ ಬೆಲೆ ಕೊಟ್ಟು ತಂಡವನ್ನು ಕೆನಡಾಕ್ಕೆ ಒಯ್ಯಲು ಸಿದ್ಧರಿದ್ದರು. ಲೀಗ್ ಒಪ್ಪಲಿಲ್ಲ. ನ್ಯಾಯಾಲಯವೂ ಆ ಬಿಡ್ಡನ್ನು ತಿರಸ್ಕರಿಸಿತು. ಕೊನೆಗೆ ಲೀಗ್ ತಾನೇ 14 ಕೋಟಿ ಡಾಲರ್ ಕೊಟ್ಟು ತಂಡವನ್ನು ಕೊಂಡಿತು. ತಂಡ ಮಾಲೀಕರದ್ದಾದರೂ ಅದು ಯಾವ ಊರಿನಲ್ಲಿ ಆಡಬೇಕೆಂಬ ಹಕ್ಕು ಅವರೊಬ್ಬರದ್ದಲ್ಲ ಎಂಬ ತತ್ತ್ವ ಇಲ್ಲಿ ಸ್ಥಿರಪಟ್ಟಿತು.

ಆನಂತರ ನಡೆದದ್ದು ಲೆಕ್ಕಪರಿಶೋಧಕರು ಹುಬ್ಬೇರಿಸುವಂಥದ್ದು. ಮಾಲೀಕನಿಗೆ ಬಾಡಿಗೆದಾರ ಹಣ ಕೊಡುವುದು ಲೋಕರೂಢಿ. ಗ್ಲೆಂಡೇಲ್‌ನಲ್ಲಿ ಕಟ್ಟಡದ ಒಡೆಯನಾದ ನಗರಸಭೆಯೇ, ತಂಡ ಊರು ಬಿಡದಿರಲೆಂದು, ಲೀಗ್‌ಗೆ ಎರಡು ಋತುಗಳ ಕಾಲ ತಲಾ 2.5 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ ಹೊಸ ಮಾಲೀಕರು 17 ಕೋಟಿ ಡಾಲರ್‌ಗೆ ತಂಡ ಕೊಂಡಾಗ, ಕ್ರೀಡಾಂಗಣ ನಿರ್ವಹಣೆಯ ಶುಲ್ಕವೆಂದು ವರ್ಷಕ್ಕೆ 1.5 ಕೋಟಿ ಡಾಲರ್‌ನಂತೆ 15 ವರ್ಷ ಕೊಡುವುದಾಗಿ ಒಪ್ಪಿತು. ಎರಡೇ ವರ್ಷದಲ್ಲಿ, 2015ರ ಜೂನ್‌ನಲ್ಲಿ, ನಗರಸಭೆ 5-2 ಮತಗಳಿಂದ ಆ ಕರಾರನ್ನು ರದ್ದುಗೊಳಿಸಿತು. ಮಾತುಕತೆಯ ನಂತರ ಎರಡು ವರ್ಷದ ಅಲ್ಪಾವಧಿ ಕರಾರು ಉಳಿಯಿತು. ಅಲ್ಲಿಂದಾಚೆಗೆ ತಂಡದ ವಾಸ ವರ್ಷ ವರ್ಷದ ನವೀಕರಣದ ಮೇಲೆ ನಿಂತಿತು.

2019ರಲ್ಲಿ ಅಲೆಕ್ಸ್ ಮೆರುಯೆಲೊ ಎಂಬ ಉದ್ಯಮಿ ಬಹುಪಾಲು ಒಡೆತನ ಪಡೆದರು. 2021ರ ಆಗಸ್ಟ್‌ನಲ್ಲಿ ನಗರಸಭೆ, 2021-22ರ ಋತುವಿನ ನಂತರ ಕರಾರು ನವೀಕರಿಸುವುದಿಲ್ಲವೆಂದು ಘೋಷಿಸಿತು. ಅದೇ ಡಿಸೆಂಬರ್‌ನಲ್ಲಿ ರಾಜ್ಯ ಮತ್ತು ನಗರ ತೆರಿಗೆಗಳ ಸುಮಾರು 13 ಲಕ್ಷ ಡಾಲರ್ ಬಾಕಿ ಬೆಳಕಿಗೆ ಬಂದಿತು. ಅದರಲ್ಲಿ ನಗರಕ್ಕೆ ಸಲ್ಲಬೇಕಾದದ್ದು ಸುಮಾರು 2.5 ಲಕ್ಷ. ಬಾಕಿ ತೀರಿಸದಿದ್ದರೆ ಕ್ರೀಡಾಂಗಣದ ಬಾಗಿಲು ತೆರೆಯುವುದಿಲ್ಲವೆಂದು ನಗರಸಭೆ ಗಡುವು ವಿಧಿಸಿತು. ಇದು ಮಾನವ ಸಹಜ ಲೋಪದಿಂದ ಆದದ್ದೆಂದು ತಂಡ ಹೇಳಿ, ಹಣ ಕಟ್ಟಿತು. ಮೊತ್ತ ಸಣ್ಣದು. ಆದರೆ ಹೊಸ ನೆಲೆ ಹುಡುಕಿ ಹೊರಟ ಸಂಸ್ಥೆಯ ನಂಬಿಕೆಗೆ ಅದರಿಂದ ಬಿದ್ದ ಪೆಟ್ಟು ಸಣ್ಣದಾಗಿರಲಿಲ್ಲ.

4,600 ಆಸನಗಳ ಹೊಸ ಮನೆ

ಬೀದಿಗೆ ಬಿದ್ದ ತಂಡಕ್ಕೆ ಆಶ್ರಯ ಕೊಟ್ಟದ್ದು ಟೆಂಪೆ ನಗರದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ. ತನ್ನ ವಿದ್ಯಾರ್ಥಿ ತಂಡಗಳಿಗಾಗಿ ಅದು 13.4 ಕೋಟಿ ಡಾಲರ್ ವೆಚ್ಚದಲ್ಲಿ ಐದು ಸಾವಿರ ಆಸನಗಳ 'ಮಲೆಟ್ ಅರೀನಾ' ಕಟ್ಟಿಸುತ್ತಿತ್ತು. ಕಯೋಟೀಸ್‌ಗೆ ಮೂರು ವರ್ಷದ ಕರಾರು ಸಿಕ್ಕಿತು. ಬೇಕಾದಲ್ಲಿ ಇನ್ನೊಂದು ವರ್ಷಕ್ಕೆ ವಿಸ್ತರಿಸುವ ಅವಕಾಶವಿತ್ತು. ವೃತ್ತಿಪರ ಪಂದ್ಯಗಳಿಗೆ ಬೇಕಾದ ವ್ಯವಸ್ಥೆಗಳನ್ನು ಮಾಡಿದ ಮೇಲೆ ಉಳಿದದ್ದು 4,600 ಆಸನ. ಇಡೀ ಲೀಗ್‌ನಲ್ಲಿ ಇಷ್ಟು ಕಿರಿದಾದ ಅಂಗಳ ಮತ್ತೊಂದಿರಲಿಲ್ಲ.

ಇಲ್ಲಿ ವಿಶ್ವವಿದ್ಯಾಲಯದ ವ್ಯವಹಾರ ಚಾತುರ್ಯ ಮೆಚ್ಚತಕ್ಕದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರ ಮಾತಿನಂತೆ ಅದು ತನ್ನ ಅಗತ್ಯಕ್ಕೆ ತಕ್ಕಷ್ಟೇ ಕಟ್ಟಿತು. ಅತಿಥಿ ತಂಡಕ್ಕಾಗಿ ಹೆಚ್ಚುವರಿಯಾಗಿ ಬೇಕಾದ ಉಡುಪು ಕೊಠಡಿ, ವೈದ್ಯಕೀಯ ಕೊಠಡಿ ಮುಂತಾದವುಗಳ ಪಕ್ಕದ ಕಟ್ಟಡದ ಖರ್ಚನ್ನು, ಸುಮಾರು 2 ಕೋಟಿ ಡಾಲರ್, ಆ ತಂಡದಿಂದಲೇ ಪಡೆಯಿತು. ಬಾಡಿಗೆದಾರ ನಾಳೆ ಎದ್ದು ಹೋದರೂ ಒಡೆಯನಿಗೆ ನಷ್ಟವಿಲ್ಲ. ಗ್ಲೆಂಡೇಲ್ ನಗರಸಭೆ ಮಾಡಿದ್ದು ಇದಕ್ಕೆ ತದ್ವಿರುದ್ಧ: ಬಾಡಿಗೆದಾರನನ್ನು ನಂಬಿ ದೊಡ್ಡ ಮನೆ ಕಟ್ಟಿ, ಆಮೇಲೆ ಅವನನ್ನು ಉಳಿಸಿಕೊಳ್ಳಲು ಮತ್ತೆ ಹಣ ಕೊಟ್ಟಿತು.

ಈಗ ಸರಳ ಲೆಕ್ಕವೊಂದನ್ನು ನೋಡೋಣ. 4,600 ಆಸನಗಳನ್ನು 41 ಪಂದ್ಯಗಳಿಂದ ಗುಣಿಸಿದರೆ ವರ್ಷಕ್ಕೆ ಮಾರಬಹುದಾದ ಟಿಕೆಟ್ 1,88,600. ಗ್ಲೆಂಡೇಲ್‌ನ 17,125 ಆಸನಗಳಿಗೆ ಇದೇ ಲೆಕ್ಕ ಹಾಕಿದರೆ 7,02,125. ಸಂಬಳದ ಕೆಳಮಿತಿಯಾದ 6.1 ಕೋಟಿ ಡಾಲರನ್ನು ಕೇವಲ ಟಿಕೆಟ್‌ನಿಂದ ಹುಟ್ಟಿಸಬೇಕೆಂದು ವಾದಕ್ಕಾಗಿ ಭಾವಿಸಿದರೆ, ಗ್ಲೆಂಡೇಲ್‌ನಲ್ಲಿ ಪ್ರತಿ ಆಸನದಿಂದ ಪ್ರತಿ ಪಂದ್ಯಕ್ಕೆ ಸುಮಾರು 87 ಡಾಲರ್ ಬಂದರೆ ಸಾಕು. ಮಲೆಟ್‌ನಲ್ಲಿ ಒಂದೂ ಆಸನ ಖಾಲಿ ಬೀಳದಿದ್ದರೂ ಸುಮಾರು 323 ಡಾಲರ್ ಬರಬೇಕು. ಟಿಕೆಟ್ ದರ ಏರಿತು, ಅಭಿಮಾನಿಗಳು ಕೊಟ್ಟು ಕೊಂಡರು. ಆದರೂ ದರವನ್ನು ಏರಿಸುವುದಕ್ಕೆ ಮಿತಿಯುಂಟು. ಗ್ಲೆಂಡೇಲ್‌ನ ಕಷ್ಟ ಖಾಲಿ ಆಸನಗಳದ್ದು, ಮಾರಾಟದ ಪ್ರಯತ್ನದಿಂದ ಅದನ್ನು ಸರಿಪಡಿಸುವ ಸಾಧ್ಯತೆಯಾದರೂ ಇತ್ತು. ಟೆಂಪೆಯ ಕಷ್ಟ ಇಲ್ಲದ ಆಸನಗಳದ್ದು. ಅದಕ್ಕೆ ಎಷ್ಟು ಮಾರಾಟ ಮಾಡಿದರೂ ಪರಿಹಾರವಿಲ್ಲ.

ಋತುವಿನ ಫಲಿತಾಂಶ

ಋತು ಆರಂಭವಾದಾಗ ಪಕ್ಕದ ಕಟ್ಟಡ ಇನ್ನೂ ಸಿದ್ಧವಾಗಿರಲಿಲ್ಲ. ಹಾಗಾಗಿ ಮೊದಲ 24 ಪಂದ್ಯಗಳಲ್ಲಿ ತಂಡ ಮನೆಯಲ್ಲಿ ಆಡಿದ್ದು ನಾಲ್ಕನ್ನು ಮಾತ್ರ. 2022ರ ಅಕ್ಟೋಬರ್ 28ರಂದು ಹೊಸ ಅಂಗಳದ ಮೊದಲ ಪಂದ್ಯ ವಿನಿಪೆಗ್ ಜೆಟ್ಸ್ ವಿರುದ್ಧ ನಡೆದು, ಹೆಚ್ಚುವರಿ ವೇಳೆಯಲ್ಲಿ 3-2ರಿಂದ ಸೋಲಾಯಿತು. ನಾಲ್ಕು ಪಂದ್ಯ ಮುಗಿಯುತ್ತಲೇ ಸತತ 14 ಪಂದ್ಯಗಳ ದೀರ್ಘ ಪ್ರವಾಸ. ಮರಳಿ ಬಂದ ಡಿಸೆಂಬರ್ 9ರಂದು, ಆ ಋತುವಿನಲ್ಲಿ 65 ಗೆಲುವುಗಳ ದಾಖಲೆ ಬರೆದ ಬಲಾಢ್ಯ ಬಾಸ್ಟನ್ ಬ್ರೂಯಿನ್ಸ್ ತಂಡವನ್ನು ಕಯೋಟೀಸ್ 4-3ರಿಂದ ಮಣಿಸಿತು. ಕಿರಿದಾದ ಅಂಗಳದಲ್ಲಿ ಪ್ರೇಕ್ಷಕರು ಹಾಸಿಗೆ ಅತಿ ಸಮೀಪ ಕುಳಿತಿರುತ್ತಾರೆ. ಒಂದು ತುದಿಯಲ್ಲಿ ವಿದ್ಯಾರ್ಥಿಗಳ ಗಲಾಟೆ ಬೇರೆ.

ಈ ನೆಲೆಯ ಪ್ರಭಾವ ಅಂಕಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗೆಲುವಿಗೆ 2 ಅಂಕ, ಹೆಚ್ಚುವರಿ ವೇಳೆಯ ಸೋಲಿಗೆ 1 ಅಂಕ ಎಂಬುದು ಲೀಗ್‌ನ ಕ್ರಮ. ಋತುವಿನ ಕೊನೆಗೆ ತಂಡದ ಸಾಧನೆ ಹೀಗಿತ್ತು:

ಸ್ವಂತ ಅಂಗಳ: 21 ಗೆಲುವು, 15 ಸೋಲು, 5 ಹೆಚ್ಚುವರಿ ವೇಳೆಯ ಸೋಲು, ಅಂಕ 47
ಪರರ ಅಂಗಳ: 7 ಗೆಲುವು, 25 ಸೋಲು, 9 ಹೆಚ್ಚುವರಿ ವೇಳೆಯ ಸೋಲು, ಅಂಕ 23
ಒಟ್ಟು: 28 ಗೆಲುವು, 40 ಸೋಲು, 14 ಹೆಚ್ಚುವರಿ ವೇಳೆಯ ಸೋಲು, ಅಂಕ 70

ಗಳಿಸಿದ ಅಂಕಗಳಲ್ಲಿ ಮೂರರಲ್ಲಿ ಎರಡು ಪಾಲು ಆ ಪುಟ್ಟ ಮನೆಯ ಕೊಡುಗೆ. ಕ್ಲೇಟನ್ ಕೆಲ್ಲರ್ 86 ಅಂಕಗಳೊಡನೆ ತಂಡದ ಅಗ್ರಗಣ್ಯ ಆಟಗಾರನಾದ. ಸರಕು ಉತ್ತಮವಾಗಿತ್ತು, ಗಿರಾಕಿ ಉತ್ಸಾಹದಿಂದಿದ್ದ. ಅಂಗಡಿ ಮಾತ್ರ ಸಾಲದಾಗಿತ್ತು.

ಪುಸ್ತಕದ ವೆಚ್ಚ, ಕೈಯಿಂದ ಹೋಗುವ ಹಣ

ಇಂಥ ಇಕ್ಕಟ್ಟಿನಲ್ಲಿ ಆಡಳಿತ ವರ್ಗ ಸಂಬಳದ ಕೆಳಮಿತಿಯನ್ನು ಮುಟ್ಟಿದ ರೀತಿ ನಮ್ಮ ವೃತ್ತಿಯವರಿಗೆ ಆಸಕ್ತಿಕರ. ಆಟಗಾರನ ಒಪ್ಪಂದದ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ ಬರುವ ಸರಾಸರಿಯನ್ನೇ ಲೀಗ್ ಮಿತಿಯ ಲೆಕ್ಕಕ್ಕೆ ಹಿಡಿಯುತ್ತದೆ. ಶೇ ವೆಬರ್ ಎಂಬ ಆಟಗಾರನ ಒಪ್ಪಂದ 14 ವರ್ಷಕ್ಕೆ 11 ಕೋಟಿ ಡಾಲರ್. ಸರಾಸರಿ ವರ್ಷಕ್ಕೆ ಸುಮಾರು 78.5 ಲಕ್ಷ. ಆದರೆ ಅದರ ಬಹುಭಾಗ ಮೊದಲ ವರ್ಷಗಳಲ್ಲೇ ಪಾವತಿಯಾಗಿ, ಕೊನೆಯ ಮೂರು ವರ್ಷ ಕೊಡಬೇಕಾದದ್ದು ತಲಾ 10 ಲಕ್ಷ ಮಾತ್ರ. ಗಾಯದಿಂದಾಗಿ 2021ರ ನಂತರ ಅಂಗಳಕ್ಕಿಳಿಯದ ಆತನ ಒಪ್ಪಂದವನ್ನು ಕಯೋಟೀಸ್ 2023ರ ಫೆಬ್ರವರಿಯಲ್ಲಿ ತನ್ನ ಹೆಸರಿಗೆ ಬರೆಸಿಕೊಂಡಿತು. ಲೆಕ್ಕದ ಪುಸ್ತಕದಲ್ಲಿ ದೊಡ್ಡ ಅಂಕಿ, ಕೈಯಿಂದ ಹೋಗುವುದು ಅಲ್ಪ. ನಿಯಮಕ್ಕೆ ವಿರುದ್ಧವೇನೂ ಅಲ್ಲ. ಆದರೆ ಆಡಲಾಗದ ಆಟಗಾರನ ಹೆಸರಿನಿಂದ ಕೆಳಮಿತಿ ತುಂಬಿಸಬೇಕಾದ ಸಂಸ್ಥೆಯ ನಗದು ಸ್ಥಿತಿ ಹೇಗಿರಬಹುದೆಂದು ಯಾವ ಲೆಕ್ಕಪರಿಶೋಧಕನಾದರೂ ಊಹಿಸಬಲ್ಲ.

ಲೀಗ್‌ನ ಆದಾಯದಲ್ಲಿ ಆಟಗಾರರಿಗೂ ಮಾಲೀಕರಿಗೂ ಸಮಪಾಲು ಇರುವುದರಿಂದ, ಒಂದು ತಂಡದ ಗಲ್ಲಾಪೆಟ್ಟಿಗೆ ಸೊರಗಿದರೆ ಉಳಿದ 31 ತಂಡಗಳ ಆಟಗಾರರಿಗೂ ಅದರ ಬಿಸಿ ತಟ್ಟುತ್ತದೆ. ಆಟಗಾರರ ಸಂಘ ಬಹಿರಂಗವಾಗಿಯೇ ಅಸಮಾಧಾನ ತೋರಿದ್ದಕ್ಕೆ ಇದೂ ಒಂದು ಕಾರಣ.

ಮತದಾರರ ತೀರ್ಪು

ಮಲೆಟ್ ಅರೀನಾ ತಾತ್ಕಾಲಿಕ ಬಿಡಾರವೆಂದು ಎಲ್ಲರಿಗೂ ತಿಳಿದಿತ್ತು. ಟೆಂಪೆ ನಗರದ ಹಳೆಯ ಕಸದ ರಾಶಿಯ 46 ಎಕರೆ ಜಾಗದಲ್ಲಿ 210 ಕೋಟಿ ಡಾಲರ್ ವೆಚ್ಚದಲ್ಲಿ 16 ಸಾವಿರ ಆಸನಗಳ ಕ್ರೀಡಾಂಗಣ, ಹೋಟೆಲುಗಳು, ವಸತಿ ಸಮುಚ್ಚಯ, ಅಂಗಡಿ ಸಾಲುಗಳನ್ನು ಕಟ್ಟುವ ಯೋಜನೆಯನ್ನು ಮಾಲೀಕರು ಮುಂದಿಟ್ಟಿದ್ದರು. ನಗರಸಭೆ 2022ರ ನವೆಂಬರ್‌ನಲ್ಲಿ ಅದನ್ನು ಸರ್ವಾನುಮತದಿಂದ ಜನಮತಕ್ಕೆ ಒಪ್ಪಿಸಿತು. ಹಣ ಖಾಸಗಿಯವರದ್ದೆಂದು ಬೆಂಬಲಿಗರು ಹೇಳಿದರು. ತೆರಿಗೆ ರಿಯಾಯಿತಿಗಳೂ ಊರಿನ ಹಣವೇ ಅಲ್ಲವೇ ಎಂದು ವಿರೋಧಿಗಳು ಕೇಳಿದರು. ವಿಮಾನಗಳ ಹಾರಾಟದ ದಾರಿಯ ಕೆಳಗೆ ವಸತಿ ಕಟ್ಟುವುದನ್ನು ಆಕ್ಷೇಪಿಸಿ, ವಿಮಾನ ನಿಲ್ದಾಣದ ಒಡೆತನವುಳ್ಳ ಫೀನಿಕ್ಸ್ ನಗರ ನ್ಯಾಯಾಲಯದ ಮೆಟ್ಟಿಲೇರಿತು.

2023ರ ಮೇ 16ರಂದು ಮತದಾರರು ಮೂರೂ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವೆ. ಇಲ್ಲಿ ಅಡಿಗಲ್ಲಿಗೂ ಮುನ್ನವೇ ಮನೆ ನಿಂತುಹೋಯಿತು. ಗ್ಲೆಂಡೇಲ್‌ನ ಅನುಭವವನ್ನು ಹತ್ತಿರದಿಂದ ನೋಡಿದ್ದ ಜನರಿಗೆ ಹೊಸ ಭರವಸೆಯನ್ನು ನಂಬುವುದು ಕಷ್ಟವಾಗಿದ್ದಿರಬೇಕು.

120 ಕೋಟಿ ಡಾಲರ್‌ನ ಮಾರಾಟ

2023-24ರ ಎರಡನೆಯ ಋತುವಿನಲ್ಲಿ ತಂಡ 77 ಅಂಕ ಗಳಿಸಿತು. ಅಷ್ಟರಲ್ಲಿ ಲೀಗ್‌ನ ತಾಳ್ಮೆ ಮುಗಿದಿತ್ತು. 2024ರ ಏಪ್ರಿಲ್ 17ರಂದು ಮಲೆಟ್ ಅರೀನಾದಲ್ಲಿ ಕಯೋಟೀಸ್ ತನ್ನ ಕೊನೆಯ ಪಂದ್ಯ ಆಡಿ, ಎಡ್ಮಂಟನ್ ತಂಡವನ್ನು 5-2ರಿಂದ ಸೋಲಿಸಿತು. ಮರುದಿನವೇ ಲೀಗ್‌ನ ಆಡಳಿತ ಮಂಡಳಿ ವರ್ಗಾವಣೆಗೆ ಒಪ್ಪಿಗೆ ಕೊಟ್ಟಿತು. ಯೂಟಾ ರಾಜ್ಯದ ಉದ್ಯಮಿ ರಯಾನ್ ಸ್ಮಿತ್ 120 ಕೋಟಿ ಡಾಲರ್ ತೆತ್ತರು. ಅದರಲ್ಲಿ 100 ಕೋಟಿ ಮೆರುಯೆಲೊ ಅವರಿಗೆ, 20 ಕೋಟಿ ಉಳಿದ ತಂಡಗಳ ಮಾಲೀಕರಿಗೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 2009ರಲ್ಲಿ 14 ಕೋಟಿಗೆ ಬಿಕರಿಯಾದ, ವರ್ಷ ವರ್ಷವೂ ಹಣದ ಮುಗ್ಗಟ್ಟಿನ ಸುದ್ದಿಯಲ್ಲಿದ್ದ ತಂಡ 2024ರಲ್ಲಿ 120 ಕೋಟಿಗೆ ಹೋದದ್ದು ಹೇಗೆ? ಉತ್ತರ ಪರವಾನಗಿಯ ವಿರಳತೆಯಲ್ಲಿದೆ. ಲೀಗ್‌ನಲ್ಲಿರುವುದು 32 ಸ್ಥಾನಗಳು. ಹೊಸದಾಗಿ ಸೇರಲು ಲಾಸ್ ವೇಗಸ್ 50 ಕೋಟಿ, ಸಿಯಾಟಲ್ 65 ಕೋಟಿ ಡಾಲರ್ ಪ್ರವೇಶ ಶುಲ್ಕ ಕೊಟ್ಟಿದ್ದವು. ಅಂಗಡಿ ನಷ್ಟದಲ್ಲಿದ್ದರೂ ಅದರ ಪರವಾನಗಿಗೆ ಬೆಲೆಯುಂಟು. ಲಾಭ-ನಷ್ಟ ಖಾತೆಯಲ್ಲಿ ಕಾಣದ ಮೌಲ್ಯ ಅಢಾವೆ ಪತ್ರಿಕೆಯ ಮರೆಯಲ್ಲಿ ಬೆಳೆಯುತ್ತಿತ್ತು. ಆ ಬೆಳವಣಿಗೆಯ ಫಲ ಸೇರಿದ್ದು ಮಾಲೀಕರಿಗೆ. ದುಬಾರಿ ಟಿಕೆಟ್ ಕೊಂಡು ಎರಡು ವರ್ಷ ಆಸನ ತುಂಬಿಸಿದ ಅಭಿಮಾನಿಗಳಿಗೂ, ಊರಿನಲ್ಲಿ ಆ ತಂಡವನ್ನು ನಂಬಿದ್ದ ನೌಕರರಿಗೂ ಅದರಲ್ಲಿ ಪಾಲಿಲ್ಲ. 2024ರ ಜೂನ್‌ನಲ್ಲಿ ಹರಾಜಿಗೆ ಬರಬೇಕಿದ್ದ ಬೇರೊಂದು ಸರ್ಕಾರಿ ಜಮೀನಿನ ಪ್ರಕ್ರಿಯೆ ರದ್ದಾದ ಮೇಲೆ, ಅರಿಜೋನಾದಲ್ಲಿ ತಂಡವನ್ನು ಮತ್ತೆ ಎಬ್ಬಿಸುವ ಪ್ರಯತ್ನವನ್ನೂ ಮೆರುಯೆಲೊ ಕೈಬಿಟ್ಟರು.

ಸಾಲ್ಟ್ ಲೇಕ್ ನಗರದಲ್ಲಿ ತಂಡಕ್ಕೆ ಸಿಕ್ಕಿದ್ದು 1991ರಲ್ಲಿ ಬಾಸ್ಕೆಟ್‌ಬಾಲ್‌ಗೆಂದು ಕಟ್ಟಿದ 'ಡೆಲ್ಟಾ ಸೆಂಟರ್'. ಪೂರ್ತಿ ಆಟ ಕಾಣುವ ಆಸನ ಮೊದಲ ವರ್ಷ ಹನ್ನೊಂದು ಸಾವಿರದಷ್ಟು ಮಾತ್ರ. ಎಂದರೆ 1996ರ ಫೀನಿಕ್ಸ್‌ನ ಕೊರತೆಯೇ ಮತ್ತೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ತಂಡದ ಒಡೆಯರೇ ಕಟ್ಟಡದ ಒಡೆಯರು. ಕೊರತೆಯನ್ನು ಸರಿಪಡಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹಾಗೆಂದು ಸಾರ್ವಜನಿಕ ಹಣ ಇಲ್ಲಿ ಇಲ್ಲವೆಂದಲ್ಲ. ಕ್ರೀಡಾಂಗಣದ ಪ್ರದೇಶದ ಅಭಿವೃದ್ಧಿಗಾಗಿ ಮಾರಾಟ ತೆರಿಗೆಯನ್ನು ಶೇಕಡಾ ಅರ್ಧದಷ್ಟು ಏರಿಸಲು ನಗರಸಭೆ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು.

ನಮ್ಮ ಸದಸ್ಯರು ಗಮನಿಸಬೇಕಾದದ್ದು

ಈ ಪ್ರಕರಣದಿಂದ ನಾವು ನಾಲ್ಕು ಅಂಶಗಳನ್ನು ಗ್ರಹಿಸಬಹುದು.

ಮೊದಲನೆಯದು, ಕರಾರಿನ ಅವಧಿಗೂ ಹೂಡಿಕೆಯ ಆಯುಸ್ಸಿಗೂ ಹೊಂದಾಣಿಕೆ. ಕಯೋಟೀಸ್ ಪಕ್ಕದ ಕಟ್ಟಡಕ್ಕೆ ಹಾಕಿದ ಸುಮಾರು 2 ಕೋಟಿ ಡಾಲರ್, ಅಲ್ಲಿ ಆಡಿದ 82 ಪಂದ್ಯಗಳಿಗೆ ಹಂಚಿದರೆ ಪಂದ್ಯವೊಂದಕ್ಕೆ 2.4 ಲಕ್ಷ ಡಾಲರ್ ದಾಟುತ್ತದೆ. ನಮ್ಮಲ್ಲಿ ನೋಂದಣಿಯ ಖರ್ಚು ಉಳಿಯುತ್ತದೆಂದು 11 ತಿಂಗಳ ಬಾಡಿಗೆ ಕರಾರಿಗೆ ಸಹಿ ಹಾಕಿ, ಅದೇ ಮಳಿಗೆಗೆ ಲಕ್ಷಾಂತರ ರೂಪಾಯಿಯ ಗಾಜು, ಮರಗೆಲಸ, ಹವಾನಿಯಂತ್ರಣ ಮಾಡಿಸುವವರು ಅನೇಕರಿದ್ದಾರೆ. ಹನ್ನೆರಡನೆಯ ತಿಂಗಳು ಮಾಲೀಕರು ತೆರವು ಕೇಳಿದರೆ ಆ ಗೋಡೆಯ ಅಲಂಕಾರವನ್ನು ಹೊತ್ತೊಯ್ಯಲಾಗದು. ಹೂಡಿಕೆಯ ವೆಚ್ಚ ತೀರುವಷ್ಟು ಕಾಲದ ನೋಂದಾಯಿತ ಕರಾರು, ನವೀಕರಣದ ಷರತ್ತು ಸಮೇತ, ಮೊದಲು ಕೈಯಲ್ಲಿರಬೇಕು.

ಎರಡನೆಯದು, ಶಾಸನಬದ್ಧ ತೆರಿಗೆ. ಗಿರಾಕಿಯಿಂದ ವಸೂಲು ಮಾಡಿದ ಜಿಎಸ್‌ಟಿಯಾಗಲಿ, ನೌಕರರ ಸಂಬಳದಲ್ಲಿ ಹಿಡಿದ ಭವಿಷ್ಯನಿಧಿಯ ವಂತಿಗೆಯಾಗಲಿ ನಮ್ಮ ಹಣವಲ್ಲ. ಸರ್ಕಾರದ ಪರವಾಗಿ ನಮ್ಮ ಬಳಿ ಇರುವ ನ್ಯಾಸ. ಬಾಕಿ ಬಿದ್ದ ದಿನ ಬಡ್ಡಿ-ದಂಡವಷ್ಟೇ ಬೆಳೆಯುವುದಿಲ್ಲ, ಬ್ಯಾಂಕಿನವರ, ಮಾಲೀಕರ, ಸ್ಥಳೀಯ ಸಂಸ್ಥೆಯ ವಿಶ್ವಾಸವೂ ಕರಗುತ್ತದೆ.

ಮೂರನೆಯದು, ಭರ್ತಿಯೇ ಲಾಭವಲ್ಲವೆಂಬ ಎಚ್ಚರ. ಹೋಟೆಲಿನ ಎಲ್ಲ ಮೇಜುಗಳೂ ತುಂಬಿರುವುದನ್ನು ಕಂಡು ಸಂತೋಷಪಡುವ ಮೊದಲು, ಆ ಮೇಜುಗಳೆಲ್ಲ ತುಂಬಿದರೂ ಸ್ಥಿರ ವೆಚ್ಚ ತೀರುತ್ತದೆಯೇ ಎಂದು ಲೆಕ್ಕ ಹಾಕಬೇಕು. ತೀರದಿದ್ದರೆ ಗಿರಾಕಿ ಹೆಚ್ಚುವುದರಿಂದ ಸಮಸ್ಯೆ ಬಗೆಹರಿಯದು. ಸ್ಥಳವನ್ನೋ ವೆಚ್ಚವನ್ನೋ ಬದಲಿಸಲೇಬೇಕು.

ನಾಲ್ಕನೆಯದು ನಮ್ಮಂಥ ವಾಣಿಜ್ಯ ಸಂಸ್ಥೆಗಳಿಗೆ ಸಂಬಂಧಿಸಿದ್ದು. ದೊಡ್ಡ ಉದ್ದಿಮೆಯೊಂದು ಊರಿಗೆ ಬರಲೆಂದು ನಾವು ಜಮೀನು, ತೆರಿಗೆ ರಿಯಾಯಿತಿಗಳಿಗಾಗಿ ಸರ್ಕಾರಕ್ಕೆ ಮನವಿ ಸಲ್ಲಿಸುತ್ತೇವೆ. ಅದು ತಪ್ಪಲ್ಲ. ಆದರೆ ಕ್ರೀಡಾಂಗಣಗಳಿಗೆ ಕೊಟ್ಟ ಸಾರ್ವಜನಿಕ ಹಣ ಊರಿಗೆ ಹಿಂದಿರುಗುವುದು ವಿರಳವೆಂಬ ಅಭಿಪ್ರಾಯ ಅರ್ಥಶಾಸ್ತ್ರಜ್ಞರಲ್ಲಿ ಬಹುಮಟ್ಟಿಗೆ ಏಕರೂಪವಾಗಿದೆ. ರಿಯಾಯಿತಿ ಕೇಳುವಾಗ, ಬಂದವರು ಎಷ್ಟು ವರ್ಷ ಇರುತ್ತಾರೆ, ಹೊರಟರೆ ಏನನ್ನು ಹಿಂದಿರುಗಿಸುತ್ತಾರೆ, ಮೌಲ್ಯ ಬೆಳೆದರೆ ಊರಿಗೆ ಪಾಲೇನು ಎಂಬ ಮೂರು ಪ್ರಶ್ನೆಗಳನ್ನೂ ಅದೇ ಮನವಿಯಲ್ಲಿ ಸೇರಿಸುವುದು ನಮ್ಮ ಹೊಣೆ. ಗ್ಲೆಂಡೇಲ್ ಈ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಪಡೆಯದೆ ಹಣ ತೊಡಗಿಸಿತು. ವಿಶ್ವವಿದ್ಯಾಲಯ ಹೊರಟುಹೋಗುವವರ ಲೆಕ್ಕವನ್ನು ಮೊದಲೇ ಇತ್ಯರ್ಥ ಮಾಡಿಕೊಂಡು ಬಾಗಿಲು ತೆರೆಯಿತು. ತಂಡ ಹೋದ ಮೇಲೂ ವಿದ್ಯಾರ್ಥಿಗಳು ಅದೇ ಹಾಸಿನ ಮೇಲೆ ಆಡುತ್ತಿದ್ದಾರೆ.